ಆಲಿವ್ ಎಣ್ಣೆಯೊಳಗಿನ ಎಳ್ಳು

ಮಗಳಿಗೆ ಕನ್ನಡ ಅರ್ಥವಾಗುತ್ತೆ, ಆದರೆ ಉತ್ತರ ಮಾತ್ರ ಇಂಗ್ಲಿಷಲ್ಲೇ ಬರುತ್ತೆ, ಏನು ಮಾಡೋದು ಅಂತ ಮೊನ್ನೆ ಒಬ್ಬರು ಇಲ್ಲಿ ಕೇಳಿದ್ದರು. ನಮ್ಮ ಮನೆಯಲ್ಲೂ ಇದೇ ಗೋಳಿತ್ತು. ಅದು ಸ್ವಲ್ಪ ಸಡಿಲವಾಗಿದ್ದು ಒಂದು ಎಣ್ಣೆ ಬಾಟಲಿಯಿಂದ.

ಒಗ್ಗರಣೆಗೆ ಇಡುತ್ತಿದ್ದೆ. "ಆ ಆಲಿವ್ ಎಣ್ಣೆ ಕೊಡೋ ಪುಟ್ಟಾ" ಅಂದೆ. ಮಗನಿಗೆ ಒಂಬತ್ತು ವರ್ಷ. ಬಾಟಲಿ ಕೈಯಲ್ಲೇ ಹಿಡ್ಕೊಂಡು "ಎಣ್ಣೆಗೆ ಎಣ್ಣೆ ಅಂತ ಯಾಕೆ ಅಂತಾರೆ?" ಅಂದ. ಒಲೆ ಆರಿಸಿ, ಎಳ್ಳಿನ ಡಬ್ಬಿ ತೆಗೆದು ಅವನ ಅಂಗೈಗೆ ನಾಲ್ಕು ಕಾಳು ಹಾಕಿದೆ. ಹಳಗನ್ನಡದಲ್ಲಿ ನೆಯ್ ಅಂದರೆ ತುಪ್ಪ, ಜಿಡ್ಡು. ಅವನ ತಮಿಳು ಗೆಳೆಯನ ಮನೆಯಲ್ಲಿ ಈಗಲೂ ತುಪ್ಪಕ್ಕೆ ನೆಯ್ ಅಂತಲೇ ಅನ್ನುತ್ತಾರೆ, ಹಾಗಾಗಿ ಅದು ಅವನಿಗೆ ಗೊತ್ತಿತ್ತು. ಎಳ್ಳಿನ ನೆಯ್ಯೇ ಎಣ್ಣೆ. ಹೆಸರು ಎಳ್ಳಿಂದ ಬಂತು, ಆಮೇಲೆ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಎಲ್ಲಕ್ಕೂ ಅದೇ ನಿಂತಿತು.

ಇಂಗ್ಲಿಷಿನ ಆಯಿಲ್ ಕೂಡ ಹೀಗೇ. ಅದರ ಬೇರು ಆಲಿವ್. ಗ್ರೀಕರಿಂದ ಲ್ಯಾಟಿನ್‌ಗೆ ಹೋಗಿ ಓಲಿಯಂ ಆಯಿತು, ಅಲ್ಲಿಂದ ಫ್ರೆಂಚ್ ದಾರಿಯಲ್ಲಿ ಇಂಗ್ಲಿಷಿಗೆ ಬಂತು. ಅವರವರ ಹೊಲದಲ್ಲಿ ಏನಿತ್ತೋ ಅದರ ಹೆಸರು. ಮಗ ಸ್ವಲ್ಪ ಹೊತ್ತು ಬಾಟಲಿ ನೋಡಿದ. "ಹಾಗಾದ್ರೆ ಆಲಿವ್ ಎಣ್ಣೆ ಅಂದ್ರೆ ಎರಡೂ ಊರು ಇದೆ" ಅಂದ. ಪೂರ್ತಿ ಕನ್ನಡದಲ್ಲಿ! ನನಗೆ ಕಣ್ಣು ತುಂಬಿ ಬಂತು.

ಆವತ್ತಿಂದ ಇದು ನಮ್ಮ ಅಡುಗೆಮನೆ ಆಟ. ಬೆಣ್ಣೆಯಲ್ಲೂ ನೆಯ್ ಇದೆ. ಬೆಳ್ ಅಂದರೆ ಬಿಳಿ, ಬಿಳಿಯ ನೆಯ್ ಬೆಣ್ಣೆ. ಬೆಳದಿಂಗಳಲ್ಲೂ ಅದೇ ಬೆಳ್. ತಿಂಗಳು ಅಂದರೆ ಮೊದಲು ಚಂದ್ರನೇ. ಹೋದ ವರ್ಷ ಊರಿಗೆ ಹೋದಾಗ ಶ್ರವಣಬೆಳಗೊಳದ ಬೆಟ್ಟ ಹತ್ತಿದ್ದೆವು. ಎರಡು ಬೆಟ್ಟಗಳ ನಡುವೆ ಕೆಳಗೆ ಕಾಣುವ ಕಲ್ಯಾಣಿ ತೋರಿಸಿ, ಬೆಳ್ಗೊಳ ಅಂದರೆ ಬಿಳಿ ಕೊಳ ಅಂದೆ. ಇಳಿಯುವಾಗ ಅದನ್ನು ತಂಗಿಗೆ ಅವನೇ ಹೇಳಿಕೊಡುತ್ತಿದ್ದ.

ಪರೀಕ್ಷೆ ಥರ ಮಾತ್ರ ಕೇಳಬೇಡಿ. ವಾರಕ್ಕೆ ಒಂದು ಪದ ಸಾಕು, ಅದೂ ಕೈಯಲ್ಲಿ ವಸ್ತು ಇರುವಾಗಲೇ. ಕಳೆದ ಭಾನುವಾರ ಇವನು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದ. ಒಂದು ಎಸಳು ಎತ್ತಿ ಹಿಡಿದು, "ಅಮ್ಮಾ, ಬೆಳ್ ಸಿಕ್ತು!" ಅಂತ ಕೂಗಿದ.