ಪದಚರ್ಚೆ: ಇವರನ್ನು ‘ಹಿಮ್ಮೇಳ’ ಅನ್ನಬಹುದೇ? (ದ ಲಾಸ್ಟ್ ವಾಲ್ಟ್ಸ್ ಚಿತ್ರದ ನೆಪದಲ್ಲಿ)

ಬಲ್ಲವರಿಗೆ ನಮಸ್ಕಾರ,

ಪರಿಚಿತರ ಚಿತ್ರಸಮಾಜವೊಂದಕ್ಕೆ ‘ದ ಲಾಸ್ಟ್ ವಾಲ್ಟ್ಸ್’ ಬಗ್ಗೆ ಎರಡು ಪುಟ ಬರೆದುಕೊಡಬೇಕು. ಅದರಲ್ಲಿ ನನಗೆ ಮೆಚ್ಚಿಗೆಯಾದ ಹಾಡುಗಳ ಬಗ್ಗೆ ಬರೆಯುತ್ತ ಹೋದರೆ ಒಂದೇ ಪದ ಎಲ್ಲ ಕಡೆ ಅಡ್ಡ ಬರುತ್ತಿದೆ: ಹಿಮ್ಮೇಳ. ಬರೆದರೆ ತಪ್ಪು ಅನ್ನಿಸುತ್ತದೆ, ಬಿಟ್ಟರೆ ಬೇರೆ ಪದ ಸಿಗುತ್ತಿಲ್ಲ.

ಚಿತ್ರ ನೋಡದವರಿಗೆ ಎರಡು ಮಾತು. ‘ದ ಬ್ಯಾಂಡ್’ ಎಂಬ ರಾಕ್ ತಂಡದ ವಿದಾಯದ ಕಚೇರಿ 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್‌ನಲ್ಲಿ ನಡೆಯಿತು. ಮಾರ್ಟಿನ್ ಸ್ಕಾರ್ಸೆಸಿ ಅದನ್ನು ಸಿನಿಮಾ ಮಾಡಿದ; 1978ರಲ್ಲಿ ತೆರೆಗೆ ಬಂತು. ತಂಡದಲ್ಲಿ ಐವರು. ನಾಲ್ವರು ಕೆನಡಾದವರು, ಡ್ರಮ್ಸ್ ಬಾರಿಸುವ ಲೆವಾನ್ ಹೆಲ್ಮ್ ಮಾತ್ರ ಅಮೆರಿಕದ ಆರ್ಕನ್ಸಾದವನು. ಮೊದಲು ರಾನಿ ಹಾಕಿನ್ಸ್ ಎಂಬ ಗಾಯಕನ ಹಿಂದೆ, ಆಮೇಲೆ ಬಾಬ್ ಡಿಲನ್ ಹಿಂದೆ ನುಡಿಸಿ ಪಳಗಿದವರು. ಸುತ್ತಮುತ್ತಲಿನ ಜನ ಬರೀ ‘ಬ್ಯಾಂಡ್‌ನವರು’ ಅನ್ನುತ್ತಿದ್ದರು, ಅದೇ ಹೆಸರಾಗಿ ನಿಂತಿತು. ಹೀಗೆ ಯಾರದೋ ಹಿಮ್ಮೇಳದವರು ತಮ್ಮದೇ ಮೇಳ ಕಟ್ಟಿಕೊಂಡು, ಕೊನೆಯ ರಾತ್ರಿ ಅತಿಥಿಗಳು ಒಬ್ಬೊಬ್ಬರಾಗಿ ವೇದಿಕೆಗೆ ಬಂದಾಗ ಮತ್ತೆ ಹಿಮ್ಮೇಳವಾದರು.

ಆದವರು ನಿಜವಾಗಿ ಹಿಮ್ಮೇಳವೇ? ನನ್ನ ಪ್ರಶ್ನೆ ಇದೇ. ಪತ್ರಿಕೆಯ ಕನ್ನಡದಲ್ಲಿ ಈ ಪದದ ಬೆಲೆ ಬಿದ್ದುಹೋಗಿದೆ. ‘ಸಚಿವರ ಹಿಮ್ಮೇಳ’ ಅಂದರೆ ಹೌದಪ್ಪಗಳ ಗುಂಪು. ಗೀಗೀ ಪದದಲ್ಲಿ ಡಪ್ಪು ಹಿಡಿದವನು ಹಾಡಿದ್ದಕ್ಕೆ ತುಂತುಣಿ (ಒಂಟಿ ತಂತಿಯ ವಾದ್ಯ), ತಾಳದವರು ದನಿ ಸೇರಿಸುತ್ತಾರೆ. ಅಲ್ಲಿಯೂ ಮುಂದಾಳು ಒಬ್ಬ, ಹಿಂದಿನವರು ಹಿಂದಿನವರೇ. ಯಕ್ಷಗಾನದಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಕುಣಿದು ಮಾತಾಡುವ ವೇಷಧಾರಿಗಳು ಮುಮ್ಮೇಳ. ಭಾಗವತ, ಮದ್ದಳೆ, ಚೆಂಡೆ ಹಿಮ್ಮೇಳ. ಆದರೆ ಆಟ ನಡೆಸುವವನು ಭಾಗವತನೇ. ಪದ ಎತ್ತುವವನು, ಲಯ ಏರಿಸುವವನು, ವೇಷ ದಣಿದಿದೆ ಅನ್ನಿಸಿದರೆ ಪದ್ಯ ಮೊಟಕುಗೊಳಿಸುವವನು ಎಲ್ಲ ಅವನೇ. ಲೆವಾನ್ ಹೆಲ್ಮ್‌ನನ್ನು ಕಂಡಾಗಲೆಲ್ಲ ನನಗೆ ನೆನಪಾಗುವವನು ಈ ಭಾಗವತ. ಎಲ್ಲರ ಹಿಂದೆ ಕೂತು, ಕತ್ತನ್ನು ಒಂದು ಕಡೆಗೆ ಓರೆ ಮಾಡಿ ಮೈಕಿಗೆ ಬಾಯಿ ಕೊಟ್ಟು, ಕೈಕಾಲು ನಾಲ್ಕರಲ್ಲೂ ಲಯ ಹಿಡಿದು ಹಾಡುತ್ತಾನೆ. ‘ದ ನೈಟ್ ದೇ ಡ್ರೋವ್ ಓಲ್ಡ್ ಡಿಕ್ಸಿ ಡೌನ್’ ಹಾಡನ್ನು ಈ ಚಿತ್ರದಲ್ಲಿ ಅವನು ಹಾಡಿರುವ ಹಾಗೆ ಕೇಳಿದ ಮೇಲೆ ಬೇರೆಯವರದು ಕಿವಿಗೆ ಹತ್ತುವುದಿಲ್ಲ. ಕ್ಯಾಮೆರಾ ಗಿಟಾರ್‌ನ ರಾಬಿ ರಾಬರ್ಟ್‌ಸನ್‌ನನ್ನೇ ಹಿಂಬಾಲಿಸಿತು ಎಂದು ಹೆಲ್ಮ್ ಆಮೇಲೆ ಆತ್ಮಕಥೆಯಲ್ಲಿ ಸಿಟ್ಟು ತೋಡಿಕೊಂಡಿದ್ದಾನೆ. ಸಿಟ್ಟಿನಲ್ಲಿ ಹುರುಳಿದೆ. ಪಿಯಾನೋದ ರಿಚರ್ಡ್ ಮಾನ್ಯುಯೆಲ್ ಕಣ್ಣಿಗೆ ಬೀಳುವುದು ಇನ್ನೂ ಕಡಿಮೆ, ಅಂಥ ಗಂಟಲಿನವನು!

ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಹಾಡಿದ ‘ಮ್ಯಾನಿಶ್ ಬಾಯ್’. ಆ ಹೊತ್ತಿಗೆ ಉಳಿದ ಕ್ಯಾಮೆರಾಗಳೆಲ್ಲ ನಿಂತಿದ್ದವು, ಛಾಯಾಗ್ರಾಹಕ ಲಾಸ್ಲೋ ಕೊವಾಚ್‌ನದು ಒಂದೇ ಓಡುತ್ತಿತ್ತು. ಹಾಗಾಗಿ ಹಾಡಿನ ಬಹುಭಾಗ ಕತ್ತರಿ ಕಾಣದ ಒಂದೇ ಚಿತ್ರಿಕೆ (ಶಾಟ್): ಅರವತ್ತು ದಾಟಿದ ಮನುಷ್ಯ, ಕೋಟು, ಹಣೆಯ ಬೆವರು, ಬಾಯಲ್ಲಿ ‘ಎಂ, ಎ, ಎನ್’ ಎಂದು ಅಕ್ಷರ ಬಿಡಿಸಿ ಹೇಳುವ ಠೇಂಕಾರ. ಪಕ್ಕದಲ್ಲಿ ಪಾಲ್ ಬಟರ್‌ಫೀಲ್ಡ್ ಮೌತ್ ಆರ್ಗನ್ನಿನಲ್ಲಿ ಒಂದೇ ಸ್ವರ ಹಿಡಿದು ಅಲುಗಿಸುತ್ತಿರುತ್ತಾನೆ, ಬಿಡುವುದೇ ಇಲ್ಲ. ಹಿಂದಿನವರು ಹಾಡಿನುದ್ದಕ್ಕೂ ಅದೇ ಒಂದು ಪಲುಕನ್ನು (ಪುಟ್ಟ ಸ್ವರತುಣುಕನ್ನು) ಬಾರಿಸುತ್ತಾರೆ. ಇಲ್ಲಿ ‘ಪಕ್ಕವಾದ್ಯ’ ಎಂದು ಬರೆದರೆ ಪಿಟೀಲು, ಮೃದಂಗ ಕಣ್ಣಮುಂದೆ ಬರುತ್ತವೆ; ಧಾರವಾಡದ ಕಡೆಯ ‘ಸಾಥ್’ ಅರ್ಥಕ್ಕೆ ಹತ್ತಿರ, ಆದರೆ ಐದಾರು ಜನರ ಗದ್ದಲಕ್ಕೆ ಸಣ್ಣದಾಯಿತು. ಹಿಮ್ಮೇಳ ಅಂದರೆ ಇಲ್ಲಿ ಸರಿಯಾಗಿ ಕೂರುತ್ತದೆ.

ಎರಿಕ್ ಕ್ಲ್ಯಾಪ್ಟನ್ ಬಂದಾಗ ಕೂರುವುದಿಲ್ಲ. ‘ಫರ್ದರ್ ಆನ್ ಅಪ್ ದ ರೋಡ್’ ಹಾಡಿನಲ್ಲಿ ಅವನು ಗಿಟಾರ್ ನುಡಿಸಲು ಶುರುಮಾಡುತ್ತಿದ್ದಂತೆ ಅದರ ಪಟ್ಟಿ ಕಳಚಿ ವಾದ್ಯ ಜಾರುತ್ತದೆ. ಅವನು ಅದನ್ನು ಹಿಡಿದುಕೊಳ್ಳುವಷ್ಟರಲ್ಲಿ ರಾಬರ್ಟ್‌ಸನ್ ಪಲುಕನ್ನು ಎತ್ತಿಕೊಂಡು ಮುಂದಕ್ಕೆ ಓಡಿಸಿರುತ್ತಾನೆ, ಲಯ ಒಂದಿಷ್ಟೂ ಮುಕ್ಕಾಗುವುದಿಲ್ಲ. ನಾಟಕದವರು ಇದನ್ನು ‘ಸುಧಾರಿಸಿದ’ ಅನ್ನುತ್ತಾರೆ, ಆ ಮಾತು ಚೆನ್ನಾಗಿದೆ. ಮುಂದಿನದಕ್ಕೆ ನಮ್ಮಲ್ಲಿ ‘ಸವಾಲ್ ಜವಾಬ್’ ಇದ್ದೇ ಇದೆ: ಪಟ್ಟಿ ಸರಿಮಾಡಿಕೊಂಡ ಕ್ಲ್ಯಾಪ್ಟನ್ ಹಟಕ್ಕೆ ಬಿದ್ದವನಂತೆ ನುಡಿಸುತ್ತಾನೆ. ಇಬ್ಬರೂ ಮುಂದಿನವರೇ ಆಗಿಬಿಟ್ಟಿರುವಾಗ ಯಾರನ್ನು ಹಿಮ್ಮೇಳ ಅನ್ನುವುದು?

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಡಕು. ನೀಲ್ ಯಂಗ್ ‘ಹೆಲ್ಪ್‌ಲೆಸ್’ ಹಾಡುವಾಗ ಮೇಲಿನ ಸ್ಥಾಯಿಯಲ್ಲಿ ತೇಲಿಬರುವ ಹೆಣ್ಣುದನಿ ಇನ್ನೊಬ್ಬ ಅತಿಥಿ ಗಾಯಕಿ ಜೋನಿ ಮಿಚೆಲ್‌ಳದು. ಅವಳ ಸರದಿ ಇನ್ನೂ ಬಂದಿಲ್ಲ, ಹಾಗಾಗಿ ಪರದೆಯ ಹಿಂದೆ ನಿಂತು ಹಾಡುತ್ತಾಳೆ. ನಮಗೆ ಕಾಣುವುದು ಪಕ್ಕದಿಂದ ಹಿಡಿದ ನೆರಳಿನಂಥ ಮುಖ. ಅವಳನ್ನು ‘ಹಿನ್ನೆಲೆ ಗಾಯಕಿ’ ಎಂದು ಬರೆದರೆ ಮುಗಿಯಿತು, ನಮ್ಮ ಓದುಗರು ಎಸ್. ಜಾನಕಿಯವರ ಸಾಲಿನಲ್ಲಿ ಕೂರಿಸುತ್ತಾರೆ. ಸಿನಿಮಾದವರು ಆ ಪದವನ್ನು ಪೂರ್ತಿ ತಮ್ಮದು ಮಾಡಿಕೊಂಡಿದ್ದಾರೆ. ಸದ್ಯಕ್ಕೆ ‘ದನಿಗೂಡಿಸಿದಳು’ ಎಂದು ಬರೆದಿದ್ದೇನೆ. ಕ್ರಿಯಾಪದವಾಗಿ ಸರಿ, ಹಾಗೆ ಹಾಡುವವಳಿಗೆ ಹೆಸರು ಬೇಕಾದಾಗ ಕೈಕೊಡುತ್ತದೆ.

‘ದ ವೇಟ್’ ಹಾಡಂತೂ ಹಿಂದೆ ಮುಂದೆ ಎಂಬುದನ್ನೇ ಕಲಸಿಬಿಡುತ್ತದೆ. ಅದು ಆ ರಾತ್ರಿಯದಲ್ಲ, ಸ್ಟೇಪಲ್ ಸಿಂಗರ್ಸ್ ಎಂಬ ಒಂದೇ ಮನೆಯವರ ಗಾಯನ ತಂಡದ ಜೊತೆ ಆಮೇಲೆ ಸ್ಟುಡಿಯೋದಲ್ಲಿ ಚಿತ್ರಿಸಿದ್ದು. ಮೊದಲ ನುಡಿ ಹೆಲ್ಮ್‌ನದು, ಎರಡನೆಯದು ಮೇವಿಸ್ ಸ್ಟೇಪಲ್ಸ್‌ಳದು, ಆಮೇಲೆ ಅವಳ ತಂದೆಯದು. ಒಬ್ಬರು ಹಾಡುವಾಗ ಉಳಿದವರೆಲ್ಲ ಪಲ್ಲವಿಗೆ ಕಾಯುತ್ತಾರೆ. ಹಾಡು ಮುಗಿದ ಮೇಲೆ ಮೇವಿಸ್ ತನ್ನಷ್ಟಕ್ಕೆ ‘ಬ್ಯೂಟಿಫುಲ್’ ಅನ್ನುತ್ತಾಳೆ, ಅದನ್ನು ಕತ್ತರಿಸದೆ ಉಳಿಸಿದ್ದಾರೆ, ಪುಣ್ಯ.

ನನ್ನ ಮನಸ್ಸು ಯಕ್ಷಗಾನದ ಅರ್ಥದಲ್ಲೇ ‘ಹಿಮ್ಮೇಳ’ ಬಳಸುವ ಕಡೆಗೆ ವಾಲುತ್ತಿದೆ. ಆದರೆ ಮೈಸೂರು, ತುಮಕೂರು ಕಡೆಯ ಓದುಗರಿಗೆ ಪತ್ರಿಕೆಯ ಅರ್ಥವೇ ಮೊದಲು ಹೊಳೆಯುತ್ತದೆ ಎಂಬ ಅನುಮಾನ. ಕರಾವಳಿ, ಮಲೆನಾಡಿನವರು ಹೇಳಿ: ನಿಮ್ಮಲ್ಲಿ ‘ಹಿಮ್ಮೇಳದವರು’ ಅಂದರೆ ಕೀಳು ಎಂಬ ಛಾಯೆ ಇದೆಯೇ? ಭಜನೆ, ಲಾವಣಿ, ಗೀಗೀ ಬಲ್ಲ ಉತ್ತರದವರು ಇದ್ದರೆ ಇನ್ನೊಂದು: ದನಿಗೂಡಿಸುವವರಲ್ಲಿ ಒಬ್ಬರನ್ನೇ ಬೊಟ್ಟು ಮಾಡಿ ಹೇಳಬೇಕಾದರೆ ಏನೆಂದು ಕರೆಯುತ್ತೀರಿ? ನಿಘಂಟಿನ ಅರ್ಥ ನೋಡಿದ್ದೇನೆ, ನನಗೆ ಬೇಕಾದದ್ದು ಬಾಯಲ್ಲಿರುವ ಮಾತು.