ಕ್ಯಾಲಿಫೋರ್ನಿಯಾ ಪೊಲೀಸ್ ಕೆಲಸದ ಸೈಕಾಲಜಿಕಲ್ ಟೆಸ್ಟ್: ಮಗನಿಗೆ ಏನು ಹೇಳಿ ಕಳಿಸಲಿ?

ಪ್ರಶ್ನೆ

ನಮಸ್ಕಾರ ಎಲ್ಲರಿಗೂ. ನಾವಿರೋದು ಫ್ರೀಮಾಂಟ್‌ನಲ್ಲಿ. ಮಗನಿಗೆ 24 ವರ್ಷ, ಗ್ರೀನ್ ಕಾರ್ಡ್ ಇದೆ, ಸಿಟಿಜನ್‌ಶಿಪ್ ಇನ್ನೂ ಆಗಿಲ್ಲ. ಬೇ ಏರಿಯಾದ ಒಂದು ಸಿಟಿ ಪೊಲೀಸ್ ಇಲಾಖೆಯಿಂದ ಕಂಡಿಷನಲ್ ಆಫರ್ (ಉಳಿದ ತಪಾಸಣೆ ಪಾಸಾದರೆ ಕೆಲಸ ಅನ್ನೋ ಷರತ್ತಿನ ಆಫರ್) ಬಂದಿದೆ. ಮುಂದಿನದು ಸೈಕಾಲಜಿಕಲ್ ಇವ್ಯಾಲ್ಯುಯೇಷನ್ ಅಂತೆ. ಕಾಲೇಜಿನಲ್ಲಿದ್ದಾಗ ಆತಂಕ ಜಾಸ್ತಿಯಾಗಿ ಕೆಲವು ತಿಂಗಳು ಕೌನ್ಸೆಲಿಂಗ್‌ಗೆ ಹೋಗಿದ್ದ. ಅದನ್ನು ಹೇಳಲೇಬೇಡ, ಎಲ್ಲದಕ್ಕೂ ಒಳ್ಳೆಯ ಉತ್ತರವನ್ನೇ ಕೊಡು ಅಂತ ನಮ್ಮ ಯಜಮಾನರು ಹೇಳ್ತಿದ್ದಾರೆ. ಊರಿನಿಂದ ನನ್ನ ತಮ್ಮ ಎಸ್‌ಎಸ್‌ಬಿ (ಭಾರತದ ಸೇನಾಧಿಕಾರಿ ಆಯ್ಕೆ) ಕೋಚಿಂಗ್ ಪುಸ್ತಕ ಕಳಿಸ್ತೀನಿ ಅಂತಾನೆ. ಈ ಪರೀಕ್ಷೆಯಲ್ಲಿ ನಿಜವಾಗಿ ಏನಿರುತ್ತೆ, ಹೇಗೆ ತಯಾರಾಗಬೇಕು, ತಿಳಿದವರು ದಯವಿಟ್ಟು ಹೇಳಿ.

ಉತ್ತರ

ಅಕ್ಕ, ಮೊದಲು ಒಂದು ಸಮಾಧಾನದ ಮಾತು. ಈ ಹಂತಕ್ಕೆ ಬಂದಿದ್ದಾನೆ ಅಂದ್ರೆ ದೊಡ್ಡ ಭಾಗ ದಾಟಿದ್ದಾನೆ. ಇಂಥ ಪರೀಕ್ಷೆ ಕಾನೂನಿನ ಕಣ್ಣಲ್ಲಿ ವೈದ್ಯಕೀಯ ತಪಾಸಣೆ. ಅಂಗವಿಕಲರ ವಿರುದ್ಧದ ತಾರತಮ್ಯ ತಡೆಯುವ 1990ರ ಅಮೆರಿಕದ ಎಡಿಎ ಕಾಯಿದೆ ಪ್ರಕಾರ ಕಂಡಿಷನಲ್ ಆಫರ್ ಕೊಟ್ಟ ಮೇಲೇ ಇದನ್ನು ಮಾಡಬಹುದು. ಅದಕ್ಕೇ ಲಿಖಿತ ಪರೀಕ್ಷೆ, ಓಟ, ಓರಲ್ ಬೋರ್ಡ್ (ಇಲಾಖೆಯ ಮೌಖಿಕ ಸಂದರ್ಶನ), ಬ್ಯಾಕ್‌ಗ್ರೌಂಡ್ ತನಿಖೆ ಎಲ್ಲ ಮುಗಿದ ಮೇಲೆ ಇದು ಬರುತ್ತೆ.

ಸಿಟಿಜನ್‌ಶಿಪ್ ಬಗ್ಗೆ: 2023ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಅಧಿಕಾರಿಯಾಗಲು ಪೌರತ್ವ ಕಡ್ಡಾಯವಲ್ಲ, ಇಲ್ಲಿ ಕೆಲಸ ಮಾಡುವ ಕಾನೂನುಬದ್ಧ ಅನುಮತಿ ಇದ್ದರೆ ಸಾಕು. ಗ್ರೀನ್ ಕಾರ್ಡ್ ನಡೆಯುತ್ತೆ.

ಪರೀಕ್ಷೆಯ ಬುಡ ಇರೋದು ಕ್ಯಾಲಿಫೋರ್ನಿಯಾ ಕಾನೂನಿನ ಗವರ್ನ್‌ಮೆಂಟ್ ಕೋಡ್ 1031ರಲ್ಲಿ. ಪೊಲೀಸ್ ಅಧಿಕಾರ ಚಲಾಯಿಸಲು ಅಡ್ಡಿಯಾಗುವಂಥ ಭಾವನಾತ್ಮಕ ಅಥವಾ ಮಾನಸಿಕ ಸ್ಥಿತಿ ಇರಬಾರದು ಅನ್ನುತ್ತೆ. ಜನಾಂಗ, ಲಿಂಗ, ರಾಷ್ಟ್ರೀಯತೆ, ಧರ್ಮ, ಅಂಗವೈಕಲ್ಯ, ಲೈಂಗಿಕ ಒಲವು ಇವುಗಳ ಮೇಲಿನ ಪೂರ್ವಗ್ರಹವನ್ನೂ 2020ರ ತಿದ್ದುಪಡಿಯಲ್ಲಿ ಅದಕ್ಕೆ ಸೇರಿಸಿದರು. ಹೇಗೆ ನಡೆಸಬೇಕು ಅನ್ನೋದು ಪೋಸ್ಟ್ (POST, ಪೊಲೀಸರ ಆಯ್ಕೆ, ತರಬೇತಿಯ ಮಟ್ಟ ನಿಗದಿ ಮಾಡುವ ರಾಜ್ಯದ ಸಂಸ್ಥೆ) ಕಮಿಷನ್ನಿನ 1955ನೇ ನಿಯಮದಲ್ಲಿದೆ: ಕನಿಷ್ಠ ಎರಡು ಲಿಖಿತ ಪರೀಕ್ಷೆ, ಅಭ್ಯರ್ಥಿಯ ಹಿನ್ನೆಲೆ ಮಾಹಿತಿಯ ಪರಿಶೀಲನೆ, ಆಮೇಲೆ ಮುಖಾಮುಖಿ ಸಂದರ್ಶನ. ಎರಡು ಲಿಖಿತ ಪರೀಕ್ಷೆಗಳಲ್ಲಿ ಒಂದು ಮಾನಸಿಕ ತೊಂದರೆಗಳನ್ನು ಹುಡುಕುವಂಥದ್ದು, ಇನ್ನೊಂದು ಸಾಮಾನ್ಯ ವ್ಯಕ್ತಿತ್ವವನ್ನು ಅಳೆಯುವಂಥದ್ದು. ಸಂದರ್ಶನ ಎಲ್ಲರಿಗೂ ಇದೆ. ಅದಕ್ಕೆ ಕರೆದರು ಅಂದ ಮಾತ್ರಕ್ಕೆ ಲಿಖಿತದಲ್ಲಿ ಏನೋ ಎಡವಟ್ಟಾಗಿದೆ ಅಂತ ಹೆದರಬೇಕಿಲ್ಲ.

ಉತ್ತರ

ಲಿಖಿತ ಪರೀಕ್ಷೆಗಳ ಬಗ್ಗೆ ನಾನು ಬರೆಯುತ್ತೇನೆ.

ತೊಂದರೆ ಹುಡುಕುವ ಪರೀಕ್ಷೆ ಅಂದರೆ ಹೆಚ್ಚಾಗಿ ಎಂಎಂಪಿಐ (MMPI) ಎಂಬ ಪ್ರಶ್ನಾವಳಿ. ಹೊಸ ಆವೃತ್ತಿ ಎಂಎಂಪಿಐ-3, 2020ರಲ್ಲಿ ಬಂದದ್ದು, ಅದರಲ್ಲಿ 335 ಹೇಳಿಕೆಗಳಿವೆ. ಅದರ ಹಿಂದಿನ ಎಂಎಂಪಿಐ-2-ಆರ್‌ಎಫ್ ಆವೃತ್ತಿಯಲ್ಲಿ 338, ಹಳೆಯ ಎಂಎಂಪಿಐ-2ರಲ್ಲಿ 567. ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು, ಎರಡೇ ಆಯ್ಕೆ. ಕೆಲವು ಕಡೆ ಇದರ ಬದಲು ಪಿಎಐ (PAI) ಎಂಬ ಇನ್ನೊಂದು ಪ್ರಶ್ನಾವಳಿ ಕೊಡುತ್ತಾರೆ: 344 ಹೇಳಿಕೆ, ಪ್ರತಿಯೊಂದಕ್ಕೂ ನಾಲ್ಕು ಮಟ್ಟದ ಉತ್ತರ. ಸಾಮಾನ್ಯ ವ್ಯಕ್ತಿತ್ವಕ್ಕೆ ಸಿಪಿಐ (CPI) ಎಂಬ ಪ್ರಶ್ನಾವಳಿ, ನಿಮ್ಮ ಪಕ್ಕದ ಬರ್ಕಲಿಯಲ್ಲೇ ಮನಃಶಾಸ್ತ್ರಜ್ಞ ಹ್ಯಾರಿಸನ್ ಗಫ್ ರೂಪಿಸಿದ್ದು. ಅದರಲ್ಲಿ 434 ಅಥವಾ 260 ಹೇಳಿಕೆಗಳು. ಎಂಎಂಪಿಐ-3 ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಆಸುಪಾಸು, ಎಂಎಂಪಿಐ-2 ಆದರೆ ಒಂದರಿಂದ ಒಂದೂವರೆ ಗಂಟೆ. ಇಂಗ್ಲಿಷ್ ಕಷ್ಟವಿಲ್ಲ, ಐದನೇ ತರಗತಿ ಮಟ್ಟದ್ದು.

ಈಗ ನಿಮ್ಮ ಯಜಮಾನರು ಹೇಳಿದ ಮಾತಿಗೆ ಬರುತ್ತೇನೆ. ದಯವಿಟ್ಟು ಅವರಿಗೆ ಇದನ್ನು ಓದಿಸಿ. "ನನಗೆ ಯಾರ ಮೇಲೂ ಯಾವತ್ತೂ ಸಿಟ್ಟು ಬಂದಿಲ್ಲ", "ಸಣ್ಣ ಸುಳ್ಳನ್ನೂ ಹೇಳಿದವನಲ್ಲ" ಎಂಬ ಧಾಟಿಯ ಹೇಳಿಕೆಗಳು ಅಲ್ಲಲ್ಲಿ ಹರಡಿಕೊಂಡಿರುತ್ತವೆ (ಇವು ಆ ಪರೀಕ್ಷೆಯ ವಾಕ್ಯಗಳಲ್ಲ, ಧಾಟಿ ತೋರಿಸಲು ನಾನು ಬರೆದದ್ದು). ಇಂಥವಕ್ಕೆಲ್ಲ ಸರಿ ಅಂತ ಒತ್ತುತ್ತಾ ಹೋದರೆ ಎಂಎಂಪಿಐನ ಎಲ್ ಎಂಬ ಮಾಪಕ (ಅತಿ ಒಳ್ಳೆಯವನಂತೆ ತೋರಿಸಿಕೊಳ್ಳುವುದನ್ನು ಅಳೆಯುವ ಅಂಕ) ಏರುತ್ತದೆ. ತನಗೆ ಯಾವ ಒತ್ತಡವೂ ಇಲ್ಲ, ಎಲ್ಲವೂ ಹಿಡಿತದಲ್ಲಿದೆ ಅಂತ ತೋರಿಸಿಕೊಂಡರೆ ಕೆ ಎಂಬುದು ಏರುತ್ತದೆ. ಕೆಲಸಕ್ಕೆ ಬಂದವರು ಸ್ವಲ್ಪ ಒಳ್ಳೆಯವರಾಗಿ ಕಾಣಿಸಿಕೊಳ್ಳುವುದು ಸಹಜ, ಅದು ಮನಃಶಾಸ್ತ್ರಜ್ಞರಿಗೂ ಗೊತ್ತು. ಆದ್ದರಿಂದಲೇ ಇತರ ಪೊಲೀಸ್ ಅಭ್ಯರ್ಥಿಗಳ ಅಂಕಗಳ ಜೊತೆಗೂ ಹೋಲಿಸಿ ನೋಡುತ್ತಾರೆ. ಆ ಗುಂಪಿನಲ್ಲೂ ಎದ್ದು ಕಾಣುವಷ್ಟು ಏರಿದರೆ ಉಳಿದ ಮಾಪಕಗಳ ಅಂಕವನ್ನು ನಂಬಲು ಬರುವುದಿಲ್ಲ. ಒಳ್ಳೆಯ ಹುಡುಗನ ಫಲಿತಾಂಶವೂ ಹೀಗೆ ಕೆಡುತ್ತದೆ.

ಇನ್ನೊಂದು, ಅಸಂಗತತೆಯ ಮಾಪಕ. ಒಂದೇ ಅರ್ಥದ ಅಥವಾ ವಿರುದ್ಧ ಅರ್ಥದ ಹೇಳಿಕೆಗಳ ಜೋಡಿಗಳನ್ನು ಕಂಪ್ಯೂಟರ್ ತಾಳೆ ನೋಡುತ್ತದೆ. ಇನ್ನೂರು ದಾಟಿದ ಮೇಲೆ ದಣಿದು ಸುಮ್ಮನೆ ಒತ್ತುವವರು, ಸಾಲಾಗಿ ತಪ್ಪು ತಪ್ಪು ಅಂತ ಹೊಡೆಯುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಉತ್ತರಿಸದೆ ಬಿಟ್ಟ ಹೇಳಿಕೆಗಳ ಲೆಕ್ಕವೂ ಇರುತ್ತದೆ. ಅನುಮಾನ ಬಂದರೆ ಯಾವುದು ಹೆಚ್ಚು ಹತ್ತಿರವೋ ಅದನ್ನು ಒತ್ತಿ ಮುಂದೆ ಹೋಗಬೇಕು, ಒಂದೊಂದಕ್ಕೂ ಎರಡು ನಿಮಿಷ ಕೂತು ಇದರ ಹಿಂದೆ ಏನಿದೆ ಅಂತ ಹುಡುಕಬಾರದು.

ಎಂಎಂಪಿಐನ ಮಾಪಕಗಳಲ್ಲಿ ಜನಸಾಮಾನ್ಯರ ಸರಾಸರಿ ಅಂಕ 50. ಸಾಮಾನ್ಯ ಚಿಕಿತ್ಸೆಯಲ್ಲಿ 65 ದಾಟಿದರೆ ಗಮನ ಕೊಡುತ್ತಾರೆ, ಪೊಲೀಸ್ ಆಯ್ಕೆಯಲ್ಲಿ ಅದಕ್ಕಿಂತ ಕೆಳಗಿನದ್ದನ್ನೂ ಗಮನಿಸುತ್ತಾರೆ. ಆದರೆ ಒಂದು ಅಂಕದ ಮೇಲೇ ಯಾರನ್ನೂ ತಳ್ಳುವುದಿಲ್ಲ. ಸಂದರ್ಶನದಲ್ಲಿ ಯಾವುದನ್ನು ಕೆದಕಿ ಕೇಳಬೇಕು ಅಂತ ಅದು ತೋರಿಸುತ್ತದೆ, ಅಷ್ಟೆ.

ಉತ್ತರ

ಎಸ್‌ಎಸ್‌ಬಿ ಪುಸ್ತಕ ತರಿಸಬೇಡಿ ಮೇಡಂ. ಬೆಂಗಳೂರು ಸೆಲೆಕ್ಷನ್ ಸೆಂಟರಿನಲ್ಲಿ ಸೇನಾಧಿಕಾರಿ ಆಯ್ಕೆಗೆ ಮಾಡೋದು ಬೇರೆ ಜಾತಿಯ ಪರೀಕ್ಷೆ: ಚಿತ್ರ ತೋರಿಸಿ ಕಥೆ ಬರೆಸೋದು, 15 ಸೆಕೆಂಡಿಗೊಂದು ಪದದಂತೆ 60 ಪದಕ್ಕೆ ವಾಕ್ಯ ಬರೆಸೋದು, 30 ನಿಮಿಷದಲ್ಲಿ 60 ಸನ್ನಿವೇಶಕ್ಕೆ ಪ್ರತಿಕ್ರಿಯೆ. ಆ ಪುಸ್ತಕ ಕಲಿಸೋದು ಧೀರ, ಆಶಾವಾದಿ, ನಾಯಕ ಅನ್ನಿಸೋ ಉತ್ತರ. ಅದೇ ಅಭ್ಯಾಸ ಎಂಎಂಪಿಐಗೆ ತಂದ್ರೆ ಮೇಲಿನವರು ಹೇಳಿದ ಎಲ್ ಮಾಪಕ ಏರುತ್ತೆ. ಆನ್‌ಲೈನಲ್ಲಿ ಮಾರೋ "ಅಣಕು ಪರೀಕ್ಷೆ"ಗಳೂ ಬೇಡ.

ಉತ್ತರ

ಕೌನ್ಸೆಲಿಂಗ್ ವಿಷಯವೇ ಇಲ್ಲಿ ಮುಖ್ಯ ಅನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

ಕೌನ್ಸೆಲಿಂಗ್‌ಗೆ ಹೋಗಿದ್ದು ಅನರ್ಹತೆಯಲ್ಲ. ಕಷ್ಟ ಬಂತು, ಸಹಾಯ ಕೇಳಿದ, ಸರಿಹೋದ, ಓದು ಮುಗಿಸಿದ: ಇದು ಅವನ ಪರವಾಗಿಯೇ ನಿಲ್ಲುವ ಸಂಗತಿ. ಮುಚ್ಚಿಟ್ಟರೆ ಅದು ಆತಂಕದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಪ್ರಾಮಾಣಿಕತೆಯ ಪ್ರಶ್ನೆಯಾಗುತ್ತದೆ. ಪೊಲೀಸ್ ಕೆಲಸದಲ್ಲಿ ಅದಕ್ಕೆ ಕ್ಷಮೆ ಇಲ್ಲ, ನಾಳೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕಾದವನು.

ಅವನು ಮಾಡಬೇಕಾದ ನಿಜವಾದ ತಯಾರಿ ಕಾಗದದ್ದು. ಬ್ಯಾಕ್‌ಗ್ರೌಂಡ್ ಹಂತದಲ್ಲಿ ತುಂಬಿದ ಪರ್ಸನಲ್ ಹಿಸ್ಟರಿ ಸ್ಟೇಟ್‌ಮೆಂಟಿನ, ಅಂದರೆ ಪೋಸ್ಟ್ 2-251 ಫಾರ್ಮಿನ, ಪ್ರತಿ ಇಟ್ಟುಕೊಂಡಿದ್ದರೆ ತೆಗೆದು ಓದಲಿ. ವೈದ್ಯಕೀಯ ಇತಿಹಾಸದ 2-252 ಬೇರೆ ಇದೆ. ಮನಃಶಾಸ್ತ್ರಜ್ಞರ ಕಚೇರಿಯೂ ತನ್ನದೇ ಒಂದು ಉದ್ದನೆಯ ಪ್ರಶ್ನಾವಳಿ ಕೊಡುತ್ತದೆ: ಮನೆ, ಓದು, ಬಿಟ್ಟ ಕೆಲಸಗಳು, ಟ್ರಾಫಿಕ್ ಟಿಕೆಟ್, ಸಾಲ, ಕುಡಿತ, ಜಗಳ, ಚಿಕಿತ್ಸೆ. ಈ ಮೂರರಲ್ಲೂ ತಿಂಗಳು, ವರ್ಷ, ಕಾರಣ ಹೊಂದಬೇಕು. ಒಂದರಲ್ಲಿ ಟ್ರಾಫಿಕ್ ಟಿಕೆಟ್ ಎರಡು ಸಲ ಅಂತ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅಂತ ಬರೆದವರು ಬೀಳುವುದು ಟಿಕೆಟ್ಟಿಗಲ್ಲ, ಆ ವ್ಯತ್ಯಾಸಕ್ಕೆ. ಹಳೆಯ ಫಾರ್ಮಿನಲ್ಲಿ ತಪ್ಪಿದ್ದರೆ ಇಲಾಖೆಯ ತನಿಖಾಧಿಕಾರಿಗೆ ಈಗಲೇ ಇಮೇಲ್ ಬರೆದು ಸರಿಪಡಿಸಲಿ.

ಕೌನ್ಸೆಲರ್ ಬಳಿ ಒಂದು ಪತ್ರ ಕೇಳಿಟ್ಟುಕೊಳ್ಳಿ: ಯಾವಾಗ ಶುರು, ಯಾವಾಗ ಮುಗಿಯಿತು, ಯಾವ ಕಾರಣಕ್ಕೆ, ಮುಗಿಯುವಾಗ ಹೇಗಿದ್ದ. ಒಂದು ಪುಟ ಸಾಕು. ದಾಖಲೆ ಬೇಕೆಂದು ಮನಃಶಾಸ್ತ್ರಜ್ಞರು ಕೇಳಿದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ, ಕಾಲೇಜಿನಿಂದ ಅದು ಬರುವಷ್ಟರಲ್ಲಿ ವಾರಗಳು ಹೋಗುತ್ತವೆ. ಪತ್ರ ಕೈಯಲ್ಲಿದ್ದರೆ ಆ ಕಾಯುವಿಕೆ ಎಷ್ಟೋ ಸಲ ತಪ್ಪುತ್ತದೆ.

ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಅಂತ ನಿಲ್ಲಿಸುವ ಹುಚ್ಚು ಕೆಲಸ ಮಾತ್ರ ಬೇಡ.

ಉತ್ತರ

ಸಂದರ್ಶನದ ಬಗ್ಗೆ, ಅದರಲ್ಲೂ ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಿಗೆ.

ಸುಮಾರು ಒಂದು ಗಂಟೆ ಅಂದುಕೊಳ್ಳಿ. ಎದುರು ಕೂತವರ ಮುಂದೆ ಪರೀಕ್ಷೆಯ ಅಂಕ, ಪ್ರಶ್ನಾವಳಿ, ಹಿನ್ನೆಲೆ ಮಾಹಿತಿ ಎಲ್ಲ ಇರುತ್ತೆ. ಪೋಸ್ಟ್ ಪಟ್ಟಿ ಮಾಡಿರೋ ಹತ್ತು ಗುಣಗಳನ್ನು ತೂಗಿ ನೋಡ್ತಾರೆ: ಜನರ ಜೊತೆ ಬೆರೆಯೋದು, ತಂಡದ ಕೆಲಸ, ಹೊಂದಿಕೊಳ್ಳೋದು, ಶ್ರದ್ಧೆ, ಆವೇಗದ ಹತೋಟಿ, ಪ್ರಾಮಾಣಿಕತೆ, ಒತ್ತಡ ತಡೆಯೋದು, ನಿರ್ಧಾರ ಮಾಡೋದು, ದೃಢವಾಗಿ ಮಾತಾಡೋದು, ದುಶ್ಚಟಗಳಿಂದ ದೂರ ಇರೋದು.

ನಮ್ಮ ಹುಡುಗರು ಸೋಲೋದು ಹೆಚ್ಚಾಗಿ ದೃಢತೆಯಲ್ಲಿ. ದೊಡ್ಡವರ ಮುಂದೆ ತಗ್ಗಿ ಮಾತಾಡಿ ಅಂತ ಬೆಳೆಸಿರ್ತೀವಿ. ಅಲ್ಲಿ ಕಣ್ಣು ಕೆಳಗೆ ಹಾಕಿ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟರೆ, ರಸ್ತೆಯಲ್ಲಿ ಕೂಗಾಡೋ ಮನುಷ್ಯನಿಗೆ ಇವನು ಆಜ್ಞೆ ಕೊಡಬಲ್ಲನಾ ಅನ್ನೋ ಅನುಮಾನ ಬರುತ್ತೆ. ಘಟನೆ ಏನು, ತಾನು ಏನು ಮಾಡಿದೆ, ಆಮೇಲೆ ಏನಾಯ್ತು, ಮೂರು ನಾಲ್ಕು ವಾಕ್ಯದಲ್ಲಿ ಹೇಳೋ ಅಭ್ಯಾಸ ಮಾಡಲಿ.

ಇನ್ನೊಂದು ಸೂಕ್ಷ್ಮ. "ನೀನು ಯಾವತ್ತೂ ಯಾರಿಗೂ ಹೊಡೆದಿಲ್ಲ, ಅಲ್ವಾ?" ಅಂತ ಕೇಳಿದರೆ ಮನೆಯಲ್ಲಿ ನಾವು "ಹೌದು, ಹೊಡೆದಿಲ್ಲ" ಅಂತೀವಿ. ಇಂಗ್ಲಿಷಿನಲ್ಲಿ ಬರೀ "ಯೆಸ್" ಅಂದು ನಿಲ್ಲಿಸಿದರೆ ಹೊಡೆದಿದ್ದೇನೆ ಅಂತ ಬರೆದುಕೊಂಡರೂ ಬರೆದುಕೊಂಡರು. ಹೌದು, ಇಲ್ಲಗಳ ಬದಲು ಪೂರ್ತಿ ವಾಕ್ಯದಲ್ಲಿ ಹೇಳಲಿ.

ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಹೊಡೆದಿದ್ದಾರಾ ಅಂತಲೂ ಕೇಳಬಹುದು. ಒಂದೇಟು ಬಿದ್ದಿದ್ದರೆ ಬಿದ್ದಿತ್ತು ಅನ್ನಲಿ, ನಿಮ್ಮ ಮರ್ಯಾದೆ ಉಳಿಸೋಕೆ ಸುಳ್ಳು ಬೇಡ. 24ಕ್ಕೂ ಅಪ್ಪ ಅಮ್ಮನ ಜೊತೆಗಿರೋದನ್ನು ಅಲ್ಲಿಯವರು ಪರಾವಲಂಬನೆ ಅಂದುಕೊಳ್ಳಬಹುದು. ಮನೆ ಖರ್ಚಿಗೆ ಏನು ಕೊಡ್ತಾನೆ, ಯಾವ ಜವಾಬ್ದಾರಿ ಹೊತ್ತಿದ್ದಾನೆ ಅಂತ ಹೇಳಿದರೆ ಚಿತ್ರ ಬದಲಾಗುತ್ತೆ. ದೇವರು ಮೈಮೇಲೆ ಬರೋದು, ಕನಸಲ್ಲಿ ಅಜ್ಜಿ ಮಾತಾಡೋದು ಇಂಥ ನಂಬಿಕೆಯ ಕಾರಣಕ್ಕೆ ಲಿಖಿತದಲ್ಲಿ ಯಾವುದಾದರೂ ಹೇಳಿಕೆಗೆ ಸರಿ ಅಂದಿದ್ದರೆ, ಸಂದರ್ಶನದಲ್ಲಿ ಕೇಳಿದಾಗ ಹಿನ್ನೆಲೆ ಬಿಡಿಸಿ ಹೇಳಲಿ.

ಪೂರ್ವಗ್ರಹದ ಪ್ರಶ್ನೆಗೆ "ನಾನು ಎಲ್ಲರನ್ನೂ ಒಂದೇ ಥರ ನೋಡ್ತೀನಿ" ಅಂದರೆ ಸಾಲದು. ಬೇರೆ ಸಮುದಾಯದವರ ಜೊತೆ ನಿಜವಾಗಿ ಒಡನಾಡಿದ ಒಂದು ಸಂದರ್ಭ ಹೇಳಬೇಕು.

ಕೇಳಿದವರಿಂದ

ತುಂಬಾ ಧನ್ಯವಾದ. ಇದನ್ನೆಲ್ಲ ಮಗನಿಗೂ ಯಜಮಾನರಿಗೂ ಓದಿ ಹೇಳಿದೆ. ಕೌನ್ಸೆಲರ್‌ಗೆ ಇಮೇಲ್ ಕಳಿಸ್ತಾನೆ. ಇನ್ನೆರಡು ಪ್ರಶ್ನೆ: ಮುಂದಿನ ವಾರ ಬೆಂಗಳೂರಿನಿಂದ ವಾಪಸ್ ಬರ್ತಾನೆ, ಎರಡೇ ದಿನಕ್ಕೆ ಪರೀಕ್ಷೆ. ಪರವಾಗಿಲ್ವಾ? ಮತ್ತೆ, ಅಕಸ್ಮಾತ್ ಆಗಲಿಲ್ಲ ಅಂದ್ರೆ?

ಉತ್ತರ

ದಿನಾಂಕ ಮುಂದೂಡಲು ಇವತ್ತೇ ಕೇಳಿ. ಹನ್ನೆರಡು ಹದಿಮೂರು ಗಂಟೆಯ ವ್ಯತ್ಯಾಸ, ನಿದ್ದೆಗೆಟ್ಟು ಐದಾರು ನೂರು ಹೇಳಿಕೆ ಓದೋದು ಅಸಂಗತತೆಗೆ ದಾರಿ. ಒಂದು ವಾರ ಆಚೆಗೆ ಹಾಕಿ ಅಂದರೆ ಸಾಮಾನ್ಯವಾಗಿ ಒಪ್ತಾರೆ. ಆ ದಿನ ಹೊಟ್ಟೆಗೆ ತಿಂದು ಹೋಗಲಿ, ಕನ್ನಡಕ, ಫೋಟೋ ಐಡಿ, ನೀರಿನ ಬಾಟಲಿ ಮರೆಯದಿರಲಿ. ಮಧ್ಯೆ ಎದ್ದು ಓಡಾಡಿ ಬರಬಹುದಾ ಅಂತ ಶುರುವಿನಲ್ಲೇ ಕೇಳಿಕೊಳ್ಳಲಿ.

ಉತ್ತರ

ಆಗದಿದ್ದರೆ ಏನು ಅನ್ನೋದಕ್ಕೆ: ಅಲ್ಲಿನ ಮನಃಶಾಸ್ತ್ರಜ್ಞರು ಇಲಾಖೆಯ ಪರವಾಗಿ ಕೆಲಸ ಮಾಡುವವರು, ಮಗನಿಗೆ ವೈದ್ಯರಲ್ಲ. ಶುರುವಿನಲ್ಲಿ ಸಹಿ ಹಾಕಿಸುವ ಒಪ್ಪಿಗೆ ಪತ್ರದಲ್ಲಿ ಇದೇ ಇರುತ್ತೆ, ಓದಿ ಸಹಿ ಹಾಕಲಿ. ವರದಿ ಇಲಾಖೆಗೆ ಹೋಗುತ್ತೆ, ಅಭ್ಯರ್ಥಿ ಕೈಗೆ ಸಾಮಾನ್ಯವಾಗಿ ಸಿಗಲ್ಲ. "ಸೂಕ್ತವಲ್ಲ" ಅಂದರೆ ಕಾಯಿಲೆ ಇದೆ ಅಂತ ಅರ್ಥ ಅಲ್ಲ, ಈ ಹುದ್ದೆಗೆ ಈಗ ಹೊಂದಲ್ಲ ಅಂತ.

ಅಂಥ ನಿರ್ಧಾರ ಬಂದರೆ ಬೇರೆ ಮನಃಶಾಸ್ತ್ರಜ್ಞರಿಂದ ಎರಡನೇ ಅಭಿಪ್ರಾಯ ತಂದು ಕೊಡುವ ಹಕ್ಕು ಕ್ಯಾಲಿಫೋರ್ನಿಯಾದಲ್ಲಿದೆ, ಇಲಾಖೆ ಅದನ್ನು ಪರಿಗಣಿಸಬೇಕು. ಖರ್ಚು ನಿಮ್ಮದು. ಪೊಲೀಸ್ ಆಯ್ಕೆಯ ಪರೀಕ್ಷೆ ಮಾಡಿ ಗೊತ್ತಿರುವವರನ್ನೇ ಹುಡುಕಿ, ಮಾಮೂಲಿ ಥೆರಪಿಸ್ಟ್ ಬರೆದ "ಒಳ್ಳೆ ಹುಡುಗ" ಪತ್ರಕ್ಕೆ ತೂಕ ಬರಲ್ಲ. ಎಷ್ಟು ದಿನದೊಳಗೆ ಕೊಡಬೇಕು ಅಂತ ಇಲಾಖೆಯಿಂದ ಲಿಖಿತವಾಗಿ ಪಡೆದುಕೊಳ್ಳಿ.

ಬೇರೆ ಊರಿನ ಇಲಾಖೆಗೆ ಅರ್ಜಿ ಹಾಕೋದಕ್ಕೂ ತಡೆ ಇಲ್ಲ. ಆದರೆ 2-251ರಲ್ಲಿ ಹಿಂದೆ ಎಲ್ಲೆಲ್ಲಿ ಅರ್ಜಿ ಹಾಕಿದ್ದೆ, ಏನಾಯ್ತು ಅಂತ ಕೇಳ್ತಾರೆ. ಈ ಇಲಾಖೆಯ ಹೆಸರು, ತಿಂಗಳು, ಫಲಿತಾಂಶ ಮೂರನ್ನೂ ಅಲ್ಲಿ ಬರೆಯಬೇಕು.