ರೆಸಿಡಿವಿಸಂಗೆ ಕನ್ನಡದಲ್ಲಿ ಏನಂತ ಬರೆದಿರಿ? ಅನುಭವ ಹೇಳಿ

ಕೇಳಿದವರು, ಧಾರವಾಡ: ಜೈಲಿಂದ ಹೊರಬಂದವರು ಮತ್ತೆ ತಪ್ಪು ಮಾಡಿ ಒಳಗೆ ಹೋಗೋದಕ್ಕೆ 'ರೆಸಿಡಿವಿಸಂ' ಅಂತಾರಲ್ಲ, ಅದಕ್ಕೆ ಯಾವ ಪದ ಹಾಕಿದ್ದೀರಿ? ಪದದ ಮೂಲವೇನು? ಕೈಪಿಡಿ ಮುಂದಿನ ವಾರ ಅಚ್ಚಿಗೆ.

ಅನುವಾದಕ, ಮೈಸೂರು: 'ಚಾಳಿಬಿದ್ದ ಅಪರಾಧ' ಅಂತ ಹಾಕಿ ಕೆಟ್ಟೆ. 400 ಪ್ರತಿ ಅಚ್ಚಾದ ಮೇಲೆ ಕೆಲಸ ಕೊಟ್ಟವರು ಬೇಡ ಅಂದರು. ಒಂದೊಂದು ಪುಸ್ತಕದಲ್ಲೂ 11 ಕಡೆ ಚೀಟಿ ಅಂಟಿಸಿದ್ದು ನಾನು, ನನ್ನ ಹೆಂಡತಿ, ಏಳು ರಾತ್ರಿ. ಚೀಟಿಗೆ 2,300 ಕೈಯಿಂದ ಹೋಯ್ತು, ಸಂಭಾವನೆಯಲ್ಲೂ 4,000 ಮುರ್ಕೊಂಡರು. ಆಮೇಲೆ ನಿಘಂಟು ತೆಗೆದೆ. ಲ್ಯಾಟಿನ್ನಿನಲ್ಲಿ 'ರೆ' ಅಂದ್ರೆ ಮತ್ತೆ, 'ಕಾದೆರೆ' ಅಂದ್ರೆ ಬೀಳು. ಬಿಟ್ಟು ಮತ್ತೆ ಬರೋ ಜ್ವರವನ್ನೂ ರೋಮನ್ನರು 'ರೆಸಿಡಿವಾ' ಅಂತಿದ್ದರು. ನಮ್ಮಲ್ಲೂ ಜ್ವರ ಮರುಕಳಿಸುತ್ತಲ್ಲ! 'ಅಪರಾಧ ಮರುಕಳಿಕೆ', ಅದೇ ಸರಿ.

ನಿವೃತ್ತ ಹೆಡ್ ಕಾನ್‌ಸ್ಟೆಬಲ್, ತುಮಕೂರು: ಜ್ವರ ತಾನಾಗಿ ಬರುತ್ತೆ ಸ್ವಾಮಿ, ಕಳ್ಳತನ ತಾನಾಗಿ ಬರಲ್ಲ. 31 ವರ್ಷ 'ಎಂ.ಓ.ಬಿ. ಆಸಾಮಿ' (ಪೊಲೀಸ್ ದಾಖಲೆಯಲ್ಲಿರೋ ಹಳೇ ಅಪರಾಧಿ) ಅಂತಲೇ ಬರೆದೆ, ಎಲ್ಲರಿಗೂ ಅರ್ಥವಾಗ್ತಿತ್ತು. ಒಬ್ಬನನ್ನೇ ಆರು ಸಲ ಕೋರ್ಟಿಗೆ ಕರ್ಕೊಂಡು ಹೋಗಿದ್ದೀನಿ.

ಒಬ್ಬ ಅಕ್ಕ, ದಾವಣಗೆರೆ: ಆ 'ಆಸಾಮಿ'ಯೇ ನನ್ನ ತಮ್ಮನಿಗೆ ಮುಳುವಾಯ್ತು. ಹೊರಬಂದು ಗ್ಯಾರೇಜು ಸೇರಿದ್ದ. ಎಲ್ಲಿ ಬೈಕ್ ಕಳುವಾದರೂ ಮೊದಲು ತಟ್ಟೋದು ನಮ್ಮ ಬಾಗಿಲು. ಐದನೇ ತಿಂಗಳಿಗೆ ಮಾಲೀಕರು ಬೇಡಪ್ಪ ಅಂದರು. ಎಂಟನೇ ತಿಂಗಳಿಗೆ ನಿಜವಾಗಿ ಕದ್ದ. ವಕೀಲರಿಗೆ 18,000, ಜಾಮೀನಿಗೆ ಅಪ್ಪನ ಹೊಲದ ಪಹಣಿ. ಭೇಟಿಗೆ ಹೋದಾಗ ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇತ್ತು, ಗೆಳೆಯನ ಗಾಡಿ ರಿಪೇರಿ ಮಾಡಿದ್ದಂತೆ. 'ಬಿದ್ದ' ಅನ್ನಿ ಸಾಕು.

ಹೆಡ್ ಕಾನ್‌ಸ್ಟೆಬಲ್: ಬೈಕ್ ಕಳಕೊಂಡವರ ಮನೆ ಕಣ್ಣೀರನ್ನೂ ನೋಡಿದ್ದೀನಮ್ಮ. ಅವರಿಗೆ ಯಾವ ಪದ?

ವಕೀಲೆ, ಬೆಂಗಳೂರು: 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟುಕಳ್ಳರು ಅಂದಿತು. 1952ರಲ್ಲಿ ಅದು ಹೋಯ್ತು, 'ರೂಢಿಗತ ಅಪರಾಧಿ' ಕಾಯ್ದೆಗಳು ಬಂದವು. ಹಾಗಾಗಿ ಚಾಳಿ, ರೂಢಿ ಎರಡೂ ನನಗೆ ಬೇಡ. ಮತ್ತೆ ಬಂಧನ, ಮತ್ತೆ ಜೈಲು ಬೇರೆ ಬೇರೆ. 2005ರಲ್ಲಿ ಅಮೆರಿಕದ 30 ರಾಜ್ಯಗಳಲ್ಲಿ ಬಿಡುಗಡೆಯಾದವರಲ್ಲಿ 5 ವರ್ಷದೊಳಗೆ ಮತ್ತೆ ಬಂಧನವಾದವರು ಸುಮಾರು 77%, ಮತ್ತೆ ಜೈಲು ಸೇರಿದವರು (ಲೆಕ್ಕ ಸಿಕ್ಕ ರಾಜ್ಯಗಳಲ್ಲಿ) ಸುಮಾರು 55%. ಜೈಲಿನ ಲೆಕ್ಕಕ್ಕೆ ನಾನು 'ಮರುಸೆರೆ' ಬರೀತೀನಿ.

ಅನುವಾದಕ, ಮೈಸೂರು: ಪೆರೋಲ್ (ಶಿಕ್ಷೆಯ ನಡುವೆ ಕೆಲ ದಿನ ಹೊರಗೆ ಬಿಡೋದು) ಮುಗಿಸಿ ತಾನೇ ವಾಪಸ್ ಹೋದವನದ್ದೂ 'ಮರುಸೆರೆ'ಯೇ ಆಯ್ತಲ್ಲ ಮೇಡಂ! ಅವನೇನು ತಪ್ಪು ಮಾಡಿದ?

ವಕೀಲೆ: ಪೆರೋಲಿನಲ್ಲಿದ್ದಾಗಲೂ ಅವನ ಶಿಕ್ಷೆ ಮುಗಿದಿರಲ್ಲ ಸರ್, ಹಾಗಾಗಿ ಅದು ಮರುಸೆರೆ ಅಲ್ಲ. ಮೊದಲು ಅದನ್ನು ಓದಿಕೊಳ್ಳಿ.